ತೆರೆಸಾಳ ಮನೆಯ ಕೋರಿಕೆ

"ಬೇಕಾದ್ರೆ ಅವರೇ ಬಂದು ಎತ್ತಿಕೊಂಡು ಹೋಗ್ಲಿ. ನಾನು ಆ ಗೇಟು ದಾಟುವುದಿಲ್ಲ," ಎಂದಳು ತೆರೆಸಾ, ಮಾತೆ ಮರಿಯಳ ಮೂರ್ತಿಯ ಮುಂದೆ ಸೇವಂತಿಗೆ ಇಡುತ್ತಾ.

ಮಗಳು ಜೊಯ್ಲಿನ್ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದಳು. "ನಮ್ಮ ಮನೆಯಿಂದ ನಾವೇ ಅಲ್ವಾ ಮಮ್ಮಿ ಕೊಂಡುಹೋಗ್ಬೇಕಾದ್ದು?"

"ನಂಗೆ ಎಲ್ಲ ಗೊತ್ತುಂಟು."

ಅಕ್ಟೋಬರ್ ಬಂದರೆ ಶಕ್ತಿನಗರದ ಆ ಇಗರ್ಜಿ ವಾರ್ಡಿನಲ್ಲಿ ಮಾತೆಯ ಮೂರ್ತಿ ಮನೆಯಿಂದ ಮನೆಗೆ ಹೋಗುತ್ತದೆ. ದಿನಕ್ಕೊಂದು ಮನೆ. ಸಂಜೆ ವಾರ್ಡಿನವರೆಲ್ಲ ಸೇರಿ ಜಪಸರ ಹೇಳಿ ಮುಗಿಸಿದ ಮೇಲೆ, ಆ ಮನೆಯವರು ತಮ್ಮ ಕೋರಿಕೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿ, ಮೂರ್ತಿಯನ್ನು ಪಕ್ಕದ ಮನೆಗೆ ಮುಟ್ಟಿಸಬೇಕು. ತೆರೆಸಾಳ ಪಕ್ಕದ ಮನೆ ಸೆವ್ರಿನ್‌ಬಾಯಿಯದು.

ಸೆವ್ರಿನ್‌ಬಾಯಿ ಕೆಟ್ಟ ಹೆಂಗಸಲ್ಲ. ಕೆಟ್ಟವಳಾಗಿದ್ದರೆ ತೆರೆಸಾ ಅವಳ ಹತ್ತಿರ ಬಾಯಿ ಬಿಡುತ್ತಲೇ ಇರಲಿಲ್ಲ. ಜೊಯ್ಲಿನ್‌ಗೆ ಅಪರೂಪಕ್ಕೊಮ್ಮೆ ಫಿಟ್ಸ್ ಬರುತ್ತಿತ್ತು. ಮದುವೆ ಗೊತ್ತಾದ ತೊಕ್ಕೊಟ್ಟಿನ ಗೇವಿನ್‌ಗೆ ಅವಳೇ ಅದನ್ನು ಹೇಳಿದ್ದಳು. ಅವನು, "ಅದಕ್ಕೆಂತ, ಮಾತ್ರೆ ಉಂಟಲ್ಲ? ಮನೆಯಲ್ಲಿ ನಾನು ನಿಧಾನಕ್ಕೆ ಹೇಳ್ತೇನೆ" ಎಂದಿದ್ದ. ಅಷ್ಟರಲ್ಲಿ ತೆರೆಸಾ, ತಾಯಿ ಕರುಳು ತಡೆಯದೆ, "ನನ್ನ ಮಗಳಿಗೋಸ್ಕರ ಪ್ರಾರ್ಥನೆ ಮಾಡಿ ಬಾಯಿ, ಯಾರ ಹತ್ರವೂ ಹೇಳ್ಬೇಡಿ" ಎಂದು ಸೆವ್ರಿನ್‌ಬಾಯಿಯ ಕೈ ಹಿಡಿದಳು. ಒಬ್ಬಳ ಪ್ರಾರ್ಥನೆಗಿಂತ ಹತ್ತು ಜನರದ್ದು ಬಲವೆಂದು ಆ ಮಹಾತಾಯಿ ಇಗರ್ಜಿಯ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ಹೆಸರು ಸಮೇತ ಕೋರಿಕೆ ಇಟ್ಟಳು. ಕೂಟದಲ್ಲಿ ಕಣ್ಣು ಮುಚ್ಚಿ ಕೂತವರಲ್ಲಿ ಗೇವಿನ್‌ನ ಚಿಕ್ಕಮ್ಮನೂ ಇದ್ದಳು. ವಾರ ಕಳೆಯುವುದರೊಳಗೆ ಸಂಬಂಧ ಮುರಿಯಿತು. ಗೇವಿನ್ ಫೋನ್ ಎತ್ತುವುದನ್ನೂ ಬಿಟ್ಟ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಸೆವ್ರಿನ್‌ಬಾಯಿಯ ಮೇಲಿನ ಸಿಟ್ಟನ್ನಾದರೂ ತೆರೆಸಾ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮಗಳನ್ನು ಕಾಯೆಂದು ಬೇಡಿದ ಮಾತೇ ಮಗಳನ್ನು ಬೀದಿಗೆ ತಂದಿತ್ತು. ದೇವರು ಕೇಳಿಯೂ ಸುಮ್ಮನಿದ್ದ. ಅದು ಅವಳಿಗೆ ಮೋಸವೆಂದೇ ಅನಿಸಿತು. ಅಂದಿನಿಂದ ಅವಳು ಪೂಜೆಗೆ ಹೋಗುತ್ತಿದ್ದಳು, ಮೊಣಕಾಲೂರುತ್ತಿದ್ದಳು. ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಇದು ಯಾರಿಗೂ ಗೊತ್ತಿಲ್ಲವೆಂದು ತಿಳಿದಿದ್ದಳು.

ಸಂಜೆ ಜನ ತುಂಬಿದರು. ಕೂಟದವರೂ ಬಂದರು, ಏನೂ ಆಗದವರ ಹಾಗೆ. ಸೆವ್ರಿನ್‌ಬಾಯಿ ಬಾಗಿಲ ಬಳಿಯೇ ನಿಂತು ಮೆಲ್ಲಗೆ ಹೇಳಿದಳು, "ಒಳ್ಳೇದಾಗ್ಲಿ ಅಂತಲೇ ಮಾಡಿದ್ದು ತೆರೆಸಾ."

"ನಾನು ದೇವರಿಗೆ ಹೇಳಿ ಅಂದದ್ದು ಬಾಯಿ. ಊರಿಗಲ್ಲ."

ಜಪಸರ ಮುಗಿಯಿತು. ಕೋರಿಕೆಯ ಹೊತ್ತು. ಎಲ್ಲರೂ ತೆರೆಸಾಳ ಕಡೆ ತಿರುಗಿದರು. ಅವಳು ನೆಲ ನೋಡಿದಳು. ಆಗ ಹಿಂದಿನಿಂದ ಜೊಯ್ಲಿನ್‌ಳ ದನಿ ಬಂತು.

"ನನ್ನ ಮಮ್ಮಿಗೋಸ್ಕರ. ನನ್ನ ಮದುವೆ ಮುರಿದಂದಿನಿಂದ ಅವರಿಗೆ ಪ್ರಾರ್ಥನೆ ಮಾಡ್ಲಿಕ್ಕೆ ಆಗ್ತಾ ಇಲ್ಲ. ದಿನಾ ಪಕ್ಕದಲ್ಲಿ ಕೂತ್ಕೊಳ್ತೇನೆ, ನಂಗೆ ಗೊತ್ತಾಗ್ತದೆ."

ನೀನೂನಾ, ಎಂದುಕೊಂಡಳು ತೆರೆಸಾ. ಹೊಟ್ಟೆಯಲ್ಲಿ ಹುಟ್ಟಿದವಳೇ ಹತ್ತು ಜನರ ಮುಂದೆ ಒಳಗಿನದನ್ನು ಹರವಿದಳು. ಎದ್ದು ಅಡುಗೆಮನೆಗೆ ಹೋಗಿಬಿಡಬೇಕೆನ್ನಿಸಿತು.

ಜೊಯ್ಲಿನ್ "ನಮಾನ್ ಮರಿಯೆ" ಎಂದು ಮಾತೆಯ ಜಪ ಶುರು ಮಾಡಿ ತನ್ನ ಅರ್ಧವನ್ನು ಹೇಳಿ ನಿಲ್ಲಿಸಿದಳು. ಉಳಿದರ್ಧವನ್ನು ಕೂಡಿದವರು ಹೇಳಬೇಕು. ಯಾರೂ ಹೇಳಲಿಲ್ಲ. ಮದುವೆ ಮುರಿದದ್ದು ಹೇಗೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಲೆಗಳು ತಗ್ಗಿದವು.

ತೆರೆಸಾ ತಿರುಗಿ ನೋಡಿದಳು. ಅಷ್ಟು ಜನರ ನಡುವೆ ಮಗಳು ಕೈ ಜೋಡಿಸಿಕೊಂಡು ಒಬ್ಬಳೇ ಕಾಯುತ್ತಿದ್ದಳು. ತೊಕ್ಕೊಟ್ಟಿನಿಂದ ಫೋನ್ ಬಾರದ ಆ ಮಧ್ಯಾಹ್ನಗಳಲ್ಲೂ ಅವಳು ಹೀಗೆಯೇ ಕೂತಿದ್ದಳು. ಆಗಲೂ ಯಾರೂ ಉತ್ತರ ಕೊಟ್ಟಿರಲಿಲ್ಲ.

ದೇವರ ಮೇಲಿನ ಸಿಟ್ಟು ಇದ್ದಲ್ಲೇ ಇತ್ತು. ಸೆವ್ರಿನ್‌ಬಾಯಿಯ ಮುಖ ನೋಡಲು ಈಗಲೂ ಮನಸ್ಸಿರಲಿಲ್ಲ. ಆದರೂ ತೆರೆಸಾ, ಪಾಪಿಗಳಾದ ನಮಗಾಗಿ ಪ್ರಾರ್ಥಿಸೆಂಬ ಆ ಉಳಿದರ್ಧವನ್ನು ಒಬ್ಬಳೇ, ಒರಟು ದನಿಯಲ್ಲಿ, ಕೊನೆಯವರೆಗೂ ಹೇಳಿದಳು.

ಜೊಯ್ಲಿನ್ ಕಣ್ಣೊರೆಸಿಕೊಂಡು ಎರಡನೆಯ "ನಮಾನ್ ಮರಿಯೆ" ಶುರು ಮಾಡಿದಳು.