ಹಳದಿ ರೊಟ್ಟಿ

ಸೊಸೆ ಫೊತೀನಿ ಪೇಟೆಯಿಂದ ಎರಡು ಕಿಲೋ ಮೆಕ್ಕೆಜೋಳದ ಹಿಟ್ಟು ತಂದ ದಿನ ಅಸಿಮೀನಾ ಜಗಳ ಮಾಡಲಿಲ್ಲ. ಹಿಟ್ಟಿನ ಚೀಲವನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಷ್ಟನ್ನೂ ಕೋಳಿಗಳ ಮುಂದೆ ಸುರಿದು, ಬರಿಯ ಚೀಲವನ್ನು ನೀಟಾಗಿ ಮಡಚಿ ತಂದು ಸೊಸೆಯ ಕೈಗಿಟ್ಟಳು.

"ಬೊಬೊಟ ಈ ಮನೇಲಿ ಬೇಯೋದಿಲ್ಲ ಕಣೇ. ನಾನು ಸತ್ತ ಮೇಲೆ ಬೇಕಾದ್ರೆ ದಿನಾ ಬೇಯಿಸ್ಕೊ."

ಬೊಬೊಟ ಅಂದರೆ ಮೆಕ್ಕೆಜೋಳದ ರೊಟ್ಟಿ. ಯುದ್ಧದ ಕಾಲದಲ್ಲಿ, ಪರದೇಶದ ಸೈನ್ಯ ಗೋಧಿಯನ್ನೆಲ್ಲ ಹೊತ್ತೊಯ್ದ ಮೇಲೆ, ಅವರ ಕಣಿವೆಯ ಜನ ಮೂರೂವರೆ ವರ್ಷ ಅದನ್ನೇ ತಿಂದು ಜೀವ ಹಿಡಿದುಕೊಂಡಿದ್ದರು. ಎಪ್ಪತ್ತು ದಾಟಿದವರು ಯಾರೂ ಆ ಹೆಸರು ಹೇಳಿದರೆ ಮುಖ ಸಿಂಡರಿಸದೆ ಇರುತ್ತಿರಲಿಲ್ಲ. ಎಪ್ಪತ್ತೇಳರ ಅಸಿಮೀನಾಳದು ಮಾತ್ರ ಬರಿಯ ಹೇಸಿಗೆಯಲ್ಲ, ಹಗೆ. ಅವಳ ತಮ್ಮ ಲಾಂಬ್ರೊನನ್ನು ಆರು ವರ್ಷಕ್ಕೇ ಮಣ್ಣು ಮಾಡಿದ್ದು ಆ ರೊಟ್ಟಿಯೇ. ಹಸಿವಿನ ಕಾಲದ ರೊಟ್ಟಿ ಮಗುವಿನ ಕರುಳನ್ನು ಒಳಗಿಂದೊಳಗೆ ತಿಂದುಹಾಕಿತು ಎಂದು ಅವಳ ಅಮ್ಮ ಹೇಳಿದ್ದಳು. ಊರೂ ಹೌದೆಂದಿತ್ತು. ಅರವತ್ತು ವರ್ಷಕ್ಕೂ ಮೇಲೆ ಆ ಹಿಟ್ಟು ಅವಳ ಹೊಸಿಲು ತುಳಿದಿರಲಿಲ್ಲ.

ಈಗ ಅದನ್ನು ಮನೆಗೆ ತಂದಿದ್ದು ಮೊಮ್ಮಗಳ ಕಾಯಿಲೆ. ಮಗ ಆಂದ್ರೆಯಾಸನ ಮಗಳು ಮಿರ್ತೊಗೆ ಆರು ವರ್ಷ. ಬೇಸಿಗೆಯಿಂದ ಹುಡುಗಿಯ ಹೊಟ್ಟೆ ಮಡಕೆಯಂತೆ ಉಬ್ಬಿ ಕೈಕಾಲು ಕಡ್ಡಿಯಾಗಿದ್ದವು. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಅಸಿಮೀನಾ ನೀರಿಗೆ ಎಣ್ಣೆ ಹನಿಸಿ ದೃಷ್ಟಿ ತೆಗೆದಳು, ಮಾತೆ ಮರಿಯಳಿಗೆ ಬೆಳ್ಳಿಯ ದೀಪ ಹರಸಿಕೊಂಡಳು. ಕೊನೆಗೆ ಯಾನ್ನಿನ ಪಟ್ಟಣದ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ನೋಡಿ, ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡಿ, ಸೀಲಿಯಕ್ ಎಂದು ಕಾಯಿಲೆಯ ಹೆಸರು ಹೇಳಿದಳು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಈ ಮಗುವಿಗೆ ವಿಷ, ಜೀವಮಾನವಿಡೀ ಅದರ ಒಂದು ಚೂರೂ ಬಾಯಿಗೆ ಹೋಗಬಾರದು ಎಂದಳು.

ಅಸಿಮೀನಾಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ.

"ಗೋಧಿ ತಿಂದು ಸತ್ತೋರನ್ನ ಒಬ್ಬರನ್ನ ತೋರ್ಸು ನೋಡೋಣ," ಎಂದಳು ಮಗನಿಗೆ. "ಗೋಧಿ ಇಲ್ದೆ ಸತ್ತೋರ ಹೆಸರು ಬೇಕಾದ್ರೆ ಸಾಯಂಕಾಲದ ತನಕ ನಾನು ಹೇಳ್ತೀನಿ."

ಹಾಗೆಂದು ಅವಳು ಹಟಕ್ಕೆ ಬಿದ್ದು ಕೂತಳೆಂದರೆ ಸುಳ್ಳಾದೀತು. ನಿಮ್ಮ ಅಡುಗೆಯಲ್ಲಿ ಅರ್ಧಕ್ಕರ್ಧ ಗೋಧಿಯೇ ಇಲ್ಲವಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಅಸಿಮೀನಾ ತನ್ನ ಕೈರುಚಿಗೆ ಸಂದ ಹೊಗಳಿಕೆ ಎಂದೇ ತಿಳಿದಿದ್ದಳು. ಒಲೆಯಲ್ಲಿ ಟೊಮೆಟೊ ಜೊತೆ ಬೆಂದ ದಪ್ಪ ಬಿಳಿ ಅವರೆ, ವಿನೆಗರ್ ಹನಿಸಿದ ಮಸೂರದ ಸಾರು, ಎಣ್ಣೆ ನಿಂಬೆ ಹಾಕಿದ ಬೆಟ್ಟದ ಸೊಪ್ಪು, ದ್ರಾಕ್ಷಿಯ ಎಲೆಯಲ್ಲಿ ಸುತ್ತಿದ ಅನ್ನ, ಮೊಟ್ಟೆ ನಿಂಬೆಯ ಕೋಳಿ ಸಾರು, ಎಲ್ಲ ಮೊದಲಿನಂತೆಯೇ ನಡೆಯಿತು. ಮಾಂಸದ ಉಂಡೆಗೆ ರೊಟ್ಟಿಯ ಪುಡಿಯ ಬದಲು ಅಕ್ಕಿ ಹಾಕಿದಳು. ಮಗುವಿಗೆಂದು ಬೇರೆ ಬಾಣಲೆಯನ್ನೇ ಎತ್ತಿಟ್ಟಳು.

ತೊಡಕಾಗಿದ್ದು ರೊಟ್ಟಿಯದು. ಆ ಮನೆಯಲ್ಲಿ ರೊಟ್ಟಿ ಬರುವ ತನಕ ಊಟ ಶುರುವಾಗುತ್ತಿರಲಿಲ್ಲ. ತಟ್ಟೆಯ ತಳದ ಎಣ್ಣೆಯನ್ನು ಒರೆಸಿ ತಿನ್ನದಿದ್ದರೆ ಊಟ ಮುಗಿಯುತ್ತಲೂ ಇರಲಿಲ್ಲ. ಅದರ ಮೇಲೆ ಅಸಿಮೀನಾಳ ಪೀತಾ. ಉದ್ದನೆಯ ತೆಳು ಕೋಲಿನಿಂದ ಹಿಟ್ಟನ್ನು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಲಟ್ಟಿಸಿ, ಪದರದ ನಡುವೆ ಸೊಪ್ಪು ಚೀಸು ತುಂಬಿ ಅವಳು ಬೇಯಿಸುತ್ತಿದ್ದ ಪೀತಾದ ಪರಿಮಳಕ್ಕೆ ರಸ್ತೆಯಲ್ಲಿ ಹೋಗುವವರು ನೆಪ ಹುಡುಕಿಕೊಂಡು ಒಳಗೆ ಬರುತ್ತಿದ್ದರು. ಮಿರ್ತೊ ಹಲಗೆಯ ಪಕ್ಕ ಕೂತು ಮಿಕ್ಕ ಹಿಟ್ಟಿನಲ್ಲಿ ಗೊಂಬೆ ಮಾಡುತ್ತ ಬೆಳೆದವಳು. ಈಗ ಅವಳ ಪಾಲಿಗೆ ಔಷಧಿ ಅಂಗಡಿಯ ಪೊಟ್ಟಣದ ಗೋಧಿಯಿಲ್ಲದ ಬ್ರೆಡ್ಡು. ಬಾಯಿಗಿಟ್ಟರೆ ಮರಳು. ಮಗು ಒಂದು ತುತ್ತು ಉಗುಳಿ, ಎರಡನೆಯದಕ್ಕೆ ಬಾಯಿ ತೆರೆಯಲಿಲ್ಲ. ಬೊಬೊಟವನ್ನಾದರೂ ಫೆತಾ ಚೀಸಿನ ಜೊತೆ ತಿಂದಾಳು ಎಂದು ಫೊತೀನಿ ಹಿಟ್ಟು ತಂದಳು, ಅದು ಕೋಳಿಗಳ ಪಾಲಾಯಿತು.

ಆಮೇಲೆ ಅಸಿಮೀನಾ ಮಾಡಿದ್ದನ್ನು ಹೇಳಲೇಬೇಕು. ಮಗು ಸೊರಗುತ್ತಿರುವುದನ್ನು ಅವಳಿಗೆ ನೋಡಲಾಗಲಿಲ್ಲ. ಸೊಸೆ ಏಳುವ ಮುಂಚೆ, ಒಲೆಯ ಪಕ್ಕ, ಬಿಸಿ ಹಾಲಿನಲ್ಲಿ ಗೋಧಿಯ ಬಿಳಿ ರೊಟ್ಟಿ ಅದ್ದಿ ಮೇಲೆ ಸಕ್ಕರೆ ಉದುರಿಸಿ ತಿನ್ನಿಸತೊಡಗಿದಳು. ಅಮ್ಮನ ಮುಂದೆ ಬಾಯಿ ಬಿಡಬೇಡ ಎಂದು ಮಿರ್ತೊ ಕೈಲಿ ಆಣೆ ಹಾಕಿಸಿಕೊಂಡಳು. ನವೆಂಬರಿನ ಕೊನೆಗೆ ಆಂದ್ರೆಯಾಸನ ನಾಮದಿನ, ಅವನ ಹೆಸರಿನ ಸಂತನ ಹಬ್ಬ. ಮನೆ ತುಂಬ ನೆಂಟರು. ಅವತ್ತು ಅಡುಗೆಮನೆಯ ಬಾಗಿಲ ಹಿಂದೆ ಅಂಗೈಯಗಲದ ಪೀತಾ ಮಗುವಿನ ಹೊಟ್ಟೆ ಸೇರಿತು. ವಾರ ಕಳೆಯುವುದರೊಳಗೆ ಮಿರ್ತೊ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ತೋಳಿಗೆ ಸೂಜಿ, ತುಟಿ ಒಣಗಿ ಬಿಳಿ. ಕೇಳಿದ್ದಕ್ಕೆ ಉತ್ತರ ಕೊಡುವ ತ್ರಾಣವೂ ಇರಲಿಲ್ಲ, ಆಣೆಯನ್ನು ಮಾತ್ರ ಮುರಿದಿರಲಿಲ್ಲ.

ಮೂರನೆಯ ದಿನ ಅಸಿಮೀನಾ ತಾನೇ ಬಾಯಿಬಿಟ್ಟಳು. ಆಂದ್ರೆಯಾಸ್ ಕೋಣೆಯಿಂದೆದ್ದು ಹೊರಗೆ ಹೋದ. ಫೊತೀನಿ ಅತ್ತೆಯ ಮುಖ ನೋಡಲಿಲ್ಲ. ಡಾಕ್ಟರಮ್ಮ ಬಯ್ಯುತ್ತಾಳೆಂದು ಮುದುಕಿ ತಲೆ ತಗ್ಗಿಸಿ ಕಾದಳು. ಅವಳು ಬಯ್ಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಈ ಕಾಯಿಲೆ ಮನೆತನದಲ್ಲಿ ಹರಿದು ಬರುತ್ತದೆ, ಹಿಂದೆ ಯಾರಿಗಾದರೂ ಹೀಗೆ ಹೊಟ್ಟೆ ಉಬ್ಬಿ ಕೈಕಾಲು ಒಣಗಿದ್ದು ಉಂಟೇ ಎಂದು ಕೇಳಿದಳು.

ತಮ್ಮನಿಗೆ ಹಾಗಾಗಿತ್ತು ಎಂದಳು ಅಸಿಮೀನಾ. ಆದರೆ ಅವನನ್ನು ಕೊಂದದ್ದು ಗೋಧಿಯಲ್ಲ, ಬೊಬೊಟ.

ಯಾವಾಗ ಶುರುವಾಯಿತು ಎಂದಳು ಡಾಕ್ಟರಮ್ಮ.

ಅಸಿಮೀನಾ ನೆನಪು ಮಾಡಿಕೊಳ್ಳುತ್ತ ಹೇಳಿದಳು. ಮೊದಲು ಶುರುವಾದದ್ದು ಮೊಲೆ ಬಿಡಿಸಿ ರೊಟ್ಟಿ ಕೊಡತೊಡಗಿದಾಗ. ಒಂದೂವರೆ ವರ್ಷದ ಕೂಸು ಮೂಳೆ ಚಕ್ಕಳವಾಗಿತ್ತು, ಪಾದ್ರಿ ಎರಡು ಸಲ ಬಂದು ಹೋಗಿದ್ದ. ಆಗ ಸೈನ್ಯ ಬಂತು, ಗೋಧಿ ಹೋಯಿತು, ಮನೆಯಲ್ಲಿ ಬೊಬೊಟ ಬಿಟ್ಟರೆ ಸೊಪ್ಪು.

"ಬೊಬೊಟ ತಿಂದ ಆ ವರ್ಷಗಳಲ್ಲಿ ಅವನು ಹೇಗಿದ್ದ?"

ಅಸಿಮೀನಾ ಹೇಳುತ್ತ ಹೋದಳು. ಚೆನ್ನಾಗಿದ್ದ. ಊರಿಗೆ ಊರೇ ಸೊರಗಿ ಹೋಗುತ್ತಿದ್ದಾಗ ಲಾಂಬ್ರೊನ ಕೆನ್ನೆ ತುಂಬಿಕೊಂಡಿತ್ತು, ಮೇಕೆಗಳ ಹಿಂದೆ ಬೆಟ್ಟ ಹತ್ತುತ್ತಿದ್ದ. ಮಾತೆ ಮರಿಯಳ ಕೃಪೆ ಎಂದು ಅಮ್ಮ ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದಳು. ಮತ್ತೆ ಕಾಯಿಲೆ ತಿರುಗಿದ್ದು ಯುದ್ಧ ಮುಗಿದ ಮೇಲೆ, ಹಡಗಿನಲ್ಲಿ ಬಂದ ಬಿಳಿ ಗೋಧಿ ಹಿಟ್ಟನ್ನು ಊರೂರಿಗೆ ಹಂಚಿದ ವಸಂತದಲ್ಲಿ. ಮುಂದಿನ ಫೆಬ್ರವರಿಗೆ ಅವನಿರಲಿಲ್ಲ.

ಡಾಕ್ಟರಮ್ಮ ಮುದುಕಿಯ ಕೈ ಹಿಡಿದುಕೊಂಡಳು. ಅವನನ್ನು ಕೊಂದದ್ದು ಯಾವುದೆಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅಸಿಮೀನಾ ಮೊಮ್ಮಗಳ ಕಡ್ಡಿಯಂಥ ಕಾಲು ನೋಡಿದಳು.

"ಅವನು ಹಳದಿ ರೊಟ್ಟಿ ಕೇಳ್ತಿದ್ದ," ಎಂದಳು.

ಕೇಳುತ್ತಿದ್ದದ್ದು ನಿಜ. ಬಿಳಿ ರೊಟ್ಟಿಯ ಮೊದಲ ತುತ್ತುಗಳನ್ನು ಆಸೆಯಿಂದಲೇ ತಿಂದವನು ಒಂದು ತಿಂಗಳೊಳಗೆ ತಟ್ಟೆ ತಳ್ಳಿ, ಹಳದಿ ರೊಟ್ಟಿ ಕೊಡಿ, ಹಳದಿ ರೊಟ್ಟಿ ಕೊಡಿ ಎಂದು ಅಳಲು ಹಿಡಿದ. ಊರಿಗೆ ಅದೊಂದು ತಮಾಷೆಯಾಯಿತು. ಜಗತ್ತೆಲ್ಲ ಬಿಳಿ ರೊಟ್ಟಿಗೆ ಬಾಯಿ ಬಿಡುತ್ತಿದ್ದರೆ ಇವನೊಬ್ಬನಿಗೆ ಬೊಬೊಟ ಬೇಕಂತೆ ಎಂದು ಬಾವಿಕಟ್ಟೆಯ ಹೆಂಗಸರು ನಗುತ್ತಿದ್ದರು. ಅಮ್ಮ ಹೊಲಕ್ಕೆ ಹೋದರೆ ಅವನನ್ನು ನೋಡಿಕೊಳ್ಳುತ್ತಿದ್ದವಳು ಹದಿಮೂರರ ಅಸಿಮೀನಾ. ತನ್ನ ಪಾಲಿನ ರೊಟ್ಟಿಯನ್ನೂ ಅವನಿಗೇ ಎತ್ತಿಡುತ್ತಿದ್ದಳು. ಡಬ್ಬಿಯ ಹಾಲಿನಲ್ಲಿ ಅದ್ದಿ, ಬೇಡವೆಂದು ಹಲ್ಲು ಕಚ್ಚಿದರೆ ಮೂಗು ಹಿಡಿದು ಬಾಯಿ ತೆರೆಸಿ ತುರುಕುತ್ತಿದ್ದಳು. ಕಣ್ಣೆದುರು ಇದ್ದರೆ ತಾನೇ ಕೇಳುವುದು ಎಂದು, ಅಟ್ಟದ ಮೇಲಿದ್ದ ಕೊನೆಯ ಮೆಕ್ಕೆಜೋಳದ ಹಿಟ್ಟನ್ನೂ ಒಂದು ದಿನ ತಿಪ್ಪೆಗೆ ಸುರಿದುಬಂದಳು. ಪ್ರೀತಿಯಿಂದಲೇ ಮಾಡಿದ್ದು. ಅವಳು ಅಷ್ಟು ಪ್ರೀತಿಸಿದ ಜೀವ ಆಮೇಲೆ ಇನ್ನೊಂದಿರಲಿಲ್ಲ, ಗಂಡನೂ ಅಲ್ಲ, ಮಗನೂ ಅಲ್ಲ. ಅಮ್ಮ ಇದೊಂದೂ ತಿಳಿಯದೆ ಸತ್ತಳು, ಪುಣ್ಯವಂತೆ.

ಮಿರ್ತೊ ಮನೆಗೆ ಬರುವ ಹಿಂದಿನ ದಿನ ಅಸಿಮೀನಾ ಗೋಧಿ ಹಿಟ್ಟಿನ ಡಬ್ಬಿ, ಲಟ್ಟಿಸುವ ಹಲಗೆ, ಕೋಲು ಎಲ್ಲವನ್ನೂ ಕೊಟ್ಟಿಗೆಗೆ ಸಾಗಿಸಿ, ಅಡುಗೆಮನೆಯ ಗೋಡೆಯ ಸಂದಿ ಬಿಡದೆ ತೊಳೆದಳು. ಆಮೇಲೆ ಮೆಕ್ಕೆಜೋಳದ ಹಿಟ್ಟು ತರಿಸಿಕೊಡು ಎಂದು ಸೊಸೆಯನ್ನು ಕೇಳಿದಳು. ಬಿಸಿನೀರು ಎಷ್ಟು, ಉಪ್ಪು ಎಷ್ಟು, ಎಣ್ಣೆ ಎಷ್ಟು ಎಂದು ಯೋಚಿಸಬೇಕಾಗಲಿಲ್ಲ. ಕೈಗೆ ಎಲ್ಲ ಗೊತ್ತಿತ್ತು. ಮಿರ್ತೊ ಬಿಸಿ ಬೊಬೊಟದ ಮೇಲೆ ಫೆತಾ ಪುಡಿ ಮಾಡಿಕೊಂಡು ಮೂರು ತುಂಡು ತಿಂದಳು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಅಸಿಮೀನಾ ಎದ್ದು ಹಿತ್ತಲಿಗೆ ಹೋದಳು. ಫೆಬ್ರವರಿಯ ಹೊತ್ತಿಗೆ ಮಗುವಿನ ಹೊಟ್ಟೆ ಇಳಿದು, ಕೆನ್ನೆ ತುಂಬಿ, ಮೆಟ್ಟಿಲ ಮೇಲೆ ಕುಣಿಯತೊಡಗಿತು. ಮನೆಗೆ ನಗು ಮರಳಿತು. ಅಸಿಮೀನಾಗೂ ಸಂತೋಷವೇ, ಆದರೆ ಮಗುವಿನ ಮೈ ಒಂದು ಹಿಡಿ ತುಂಬಿದಷ್ಟೂ ಹೀಗೇ ಅವನೂ ಉಳಿಯಬಹುದಿತ್ತು ಎನ್ನುವುದು ಖಚಿತವಾಗುತ್ತ ಹೋಯಿತು. ಅದನ್ನು ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು?

ಆತ್ಮಗಳ ಶನಿವಾರ ಬಂತು. ನಲವತ್ತು ದಿನದ ಉಪವಾಸಕ್ಕೆ ಮುಂಚಿನ ಆ ದಿನ ಹೆಂಗಸರು ತಮ್ಮ ಸತ್ತವರ ಹೆಸರಲ್ಲಿ ಬೇಯಿಸಿದ ಗೋಧಿಗೆ ಸಕ್ಕರೆ, ಬಾದಾಮಿ, ದಾಳಿಂಬೆ ಕಾಳು ಬೆರೆಸಿ ತಟ್ಟೆಯಲ್ಲಿ ಇಗರ್ಜಿಗೆ ಒಯ್ಯುತ್ತಾರೆ. ಪಾದ್ರಿ ಹೆಸರುಗಳನ್ನು ಓದಿದ ಮೇಲೆ ಅದನ್ನು ಎಲ್ಲರಿಗೂ ಹಂಚುತ್ತಾರೆ. ಹಿಂದಿನ ದಿನ ಬೆಳಿಗ್ಗೆ ಫೊತೀನಿ, ಈ ಸಲ ಗೋಧಿಯನ್ನು ಹೊರಗೆ ಕೊಟ್ಟಿಗೆಯಲ್ಲಿ ಬೇಯಿಸೋಣವೇ ಎಂದು ಕೇಳಿದಳು. ಕೇಳುತ್ತಲೇ ಅತ್ತೆಯ ಕಡೆ ತಿರುಗಿ ನೋಡಿದಳು. ಮುದುಕಿ ಬರಿಯ ಪಾತ್ರೆ ಮುಂದಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

"ಅರವತ್ತಮೂರು ವರ್ಷ ಅವನ ಹೆಸರಲ್ಲಿ ಗೋಧಿ ಬೇಯಿಸಿದೀನಿ ಕಣೇ. ಸತ್ತ ಮೇಲೂ ಬಿಡ್ಲಿಲ್ಲ ನಾನು."

ಆಸ್ಪತ್ರೆಯ ದಿನದಿಂದ ಅತ್ತೆಯ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದ ಫೊತೀನಿ ಬಂದು ಅವಳ ಪಕ್ಕ ಕೂತಳು.

"ನಿಮಗೆ ಗೊತ್ತಿರ್ಲಿಲ್ಲ ಅತ್ತೆ. ಆಗ ಡಾಕ್ಟರುಗಳಿಗೇ ಗೊತ್ತಿರ್ಲಿಲ್ಲ."

"ಅವನಿಗೆ ಗೊತ್ತಿತ್ತು. ಬಾಯ್ಬಿಟ್ಟು ಹೇಳ್ದ. ನಾನು ಮೂಗು ಹಿಡಿದೆ."

ಇಬ್ಬರೂ ಸೇರಿ ಗೋಧಿಯ ಬದಲು ಮೆಕ್ಕೆಜೋಳದ ಕಾಳು ಬೇಯಿಸಿದರು.

ಮರುದಿನ ಇಗರ್ಜಿಯ ಮೇಜಿನ ಮೇಲೆ ಸಾಲಾಗಿಟ್ಟ ತಟ್ಟೆಗಳ ನಡುವೆ ಒಂದು ಮಾತ್ರ ಹಳದಿ. ಹೆಂಗಸರು ಮೊಣಕೈಯಲ್ಲಿ ತಿವಿದುಕೊಂಡರು. ಮುದುಕಿಗೆ ಅರುಳುಮರುಳು ಎಂದು ಯಾರೋ ಪಿಸುಗುಟ್ಟಿದ್ದು ಅವಳಿಗೂ ಕೇಳಿಸಿತು. ಪಾದ್ರಿ ಬಗ್ಗಿ, ಅಮ್ಮಾ, ಇದು ಗೋಧಿಯಾಗಬೇಕಿತ್ತಲ್ಲ ಎಂದು ಮೆಲ್ಲಗೆ ಹೇಳಿದರು. ಗೋಧಿ ಅವನಿಗೆ ಆಗುವುದಿಲ್ಲ ಎಂದಳು ಅಸಿಮೀನಾ. ಅವರು ಅವಳ ಮುಖವನ್ನೊಮ್ಮೆ ನೋಡಿ ತಟ್ಟೆಯನ್ನು ಅಲ್ಲಿಯೇ ಬಿಟ್ಟು ಹೆಸರುಗಳನ್ನು ಓದಲು ಶುರು ಮಾಡಿದರು. ಲಾಂಬ್ರೊ ಎಂದಾಗ ಮುದುಕಿ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

ಆಮೇಲೆ ಅಂಗಳದಲ್ಲಿ ಎಲ್ಲರೂ ಅವರವರ ತಟ್ಟೆ ಹಂಚಿದರು. ಹಳದಿಯ ತಟ್ಟೆಗೆ ಬಂದವಳು ಮಿರ್ತೊ ಒಬ್ಬಳೇ. ಆ ಸಾಲಿನಲ್ಲಿ ಅವಳು ತಿನ್ನಬಹುದಾಗಿದ್ದದ್ದೂ ಅದೊಂದೇ. ಅಸಿಮೀನಾ ಚಮಚ ತುಂಬಿ ಅಂಗೈಗೆ ಹಾಕಿದಳು. ತಿನ್ನುವವರು ಸತ್ತವರ ಹೆಸರು ಹಿಡಿದು ದೇವರು ಕ್ಷಮಿಸಲಿ ಅನ್ನಬೇಕು. ಅದು ಮಗುವಿಗೂ ಗೊತ್ತಿತ್ತು.

"ಯಾರ ಹೆಸರು ಹೇಳ್ಲಿ ಅಜ್ಜಿ?"

ಆರು ವರ್ಷದ ಹುಡುಗನನ್ನು ದೇವರು ಯಾವುದಕ್ಕೆ ಕ್ಷಮಿಸಬೇಕು ಎಂದು ಅಸಿಮೀನಾ ಯೋಚಿಸಿದಳು. ಹೊಟ್ಟೆ ನೋಯುತ್ತದೆ ಎಂದು ಅತ್ತದ್ದಕ್ಕೋ?

"ಅಸಿಮೀನಾ ಅನ್ನು ಪುಟ್ಟಿ."

"ನೀನು ಸತ್ತಿಲ್ವಲ್ಲ."

"ಪರವಾಗಿಲ್ಲ, ಅನ್ನು."

ಮಿರ್ತೊ ಬಾಯಿ ತುಂಬ ಜೋಳ ಇಟ್ಟುಕೊಂಡೇ ದೇವರು ಅಸಿಮೀನಾನ ಕ್ಷಮಿಸಲಿ ಎಂದಳು. ನುಂಗಿಕೊಂಡು, ಚೆನ್ನಾಗಿದೆ, ಇನ್ನೊಂದು ಚಮಚ ಹಾಕು ಎಂದು ಕೈ ಒಡ್ಡಿದಳು. ಅಸಿಮೀನಾ ಹಾಕಿದಳು.