ಕುರ್ಚಿಯ ಹಿಂಗಾಲು

ಆ ಬಡಗಿಯನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ನಾಳೆಯಪ್ಪ ಎಂದೇ. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಆದರೆ ಆ ಕೆಲಸ ಶುರುವಾಗಬೇಕಲ್ಲ. ‘ನಾಳೆ ಎಂದವನ ಮನೆ ಹಾಳು’ ಎಂದು ಯಾರಾದರೂ ಚುಚ್ಚಿದರೆ ತಲೆಯೆತ್ತಿ ಸೂರು ನೋಡಿ, “ಇನ್ನೂ ಗಟ್ಟಿಯಾಗೇ ಇದೆಯಲ್ಲ,” ಎನ್ನುತ್ತಿದ್ದ.

ಈ ಸಲದ ಕೆಲಸ ಮಾತ್ರ ಅವನ ಅಮ್ಮನಿಗಾಗಿ. ಮೊಣಕಾಲಿನ ಆಪರೇಷನ್ ಆಗಿ ಅಮ್ಮ ಅಕ್ಕನ ಮನೆಯಲ್ಲಿದ್ದಳು. ತಗ್ಗಿನಲ್ಲಿ ಕೂರಕೂಡದು, ಕೈಯಿರುವ ಎತ್ತರದ ಕುರ್ಚಿಯೇ ಬೇಕು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಬಡಗಿಯ ಮನೆಯಲ್ಲಿದ್ದದ್ದು ಎರಡು ಮೋಟು ಸ್ಟೂಲು. ಊರಿಗೆ ಉಪಕಾರಿ, ಮನೆಗೆ ಮಾರಿ. ಕುರ್ಚಿಯಾಗದೆ ಅಮ್ಮ ಮನೆಗೆ ಬರುವಂತಿರಲಿಲ್ಲ.

“ನಾನೇ ಮಾಡ್ತೀನಿ ಅಕ್ಕ. ಅಮ್ಮನಿಗೆ ಮಾತ್ರ ಹೇಳ್ಬೇಡ, ಬಂದು ನೋಡಿ ಖುಷಿಪಡ್ಲಿ,” ಎಂದ.

“ಆಯ್ತು. ದಿನಾ ಒಂದು ಫೋಟೋ ಕಳಿಸು,” ಎಂದಳು ಅಕ್ಕ. ತಮ್ಮನನ್ನು ಅವಳು ಇಂದು ನಿನ್ನೆ ಕಂಡವಳಲ್ಲ.

ಮೊದಲ ದಿನದ ಹುರುಪಿನಲ್ಲಿ ಒಂದು ಹಿಂಗಾಲು ತಯಾರಾಯಿತು. ಬೆನ್ನಿನ ತನಕ ಏರುವ ಉದ್ದನೆಯ ಕಾಲು. ಎರಡನೆಯ ದಿನ ಉಳಿಗಳನ್ನೆಲ್ಲ ಮಸೆದ. ಮೂರನೆಯ ದಿನ ಮೊಳೆಗಳನ್ನು ಉದ್ದ ನೋಡಿ ಡಬ್ಬಿಗಳಿಗೆ ತುಂಬಿದ. ನಾಲ್ಕನೆಯ ದಿನ ಬೆಕ್ಕಿಗೊಂದು ಮಂಚ ಮಾಡಿದ, ಬೆಕ್ಕು ಅದರ ಕೆಳಗೆ ಹೋಗಿ ಮಲಗಿತು. ಫೋಟೋದಲ್ಲಿ ಮಾತ್ರ ಅದೇ ಹಿಂಗಾಲು, ಒಮ್ಮೆ ನಿಂತು, ಒಮ್ಮೆ ಮಲಗಿ, ಒಮ್ಮೆ ಗೋಡೆಗೆ ಒರಗಿ. ಅಕ್ಕನಿಗೆ ಅನುಮಾನ ಬಾರದಿರಲೆಂದು ದಿನಾ ಅದರ ಮೇಲೆ ಕೀಸುಳಿ ಆಡಿಸಿ, ಹೊಸದಾಗಿ ಉದುರಿದ ಸುರುಳಿಗಳ ನಡುವೆ ಇಟ್ಟು ಫೋಟೋ ತೆಗೆಯುತ್ತಿದ್ದ. “ಇವತ್ತು ನುಣುಪು ಮಾಡ್ದೆ.” ಮರುದಿನ, “ಇನ್ನೂ ನುಣುಪು ಮಾಡ್ದೆ.”

“ರೀ, ಅದು ಕುರ್ಚಿ ಕಾಲೋ, ಲಟ್ಟಣಿಗೆಯೋ?” ಎಂದಳು ಹೆಂಡತಿ.

“ಅವಸರ ಮಾಡಿದ್ರೆ ಕೆಲಸ ಕೆಡುತ್ತೆ ಕಣೇ.”

ಅಮ್ಮ ಭಾನುವಾರ ಬರುತ್ತಾಳೆಂದು ಎರಡು ಸಲ ಸುದ್ದಿ ಬಂತು. ಎರಡು ಸಲವೂ ತಪ್ಪಿತು. ಒಮ್ಮೆ ಜ್ವರ, ಒಮ್ಮೆ ನೆಗಡಿ. ಅಮ್ಮನಿಗೆ ಜ್ವರ ಎಂದಾಗ ಮಗನಿಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು, ಆ ನಾಚಿಕೆಯಲ್ಲಿ ಅವತ್ತೂ ಕೆಲಸ ಸಾಗಲಿಲ್ಲ.

ನಲವತ್ತೊಂದನೆಯ ದಿನ ಬೆಳಿಗ್ಗೆ ಹೇಳದೆ ಕೇಳದೆ ಬಾಗಿಲಲ್ಲಿ ಕಾರು ನಿಂತಿತು. ಅಕ್ಕನ ಹೆಗಲು ಹಿಡಿದು ಅಮ್ಮ ಇಳಿದಳು. ನಾಳೆಯಪ್ಪ ಅವತ್ತಿನ ಫೋಟೋಕ್ಕೆಂದು ಹಿಂಗಾಲು ಹಿಡಿದು ನಿಂತವನು ಹಾಗೇ ನಿಂತುಬಿಟ್ಟ. ಅಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡು, ನೆಲಕ್ಕೂರಿ ನಾಲ್ಕು ಹೆಜ್ಜೆ ಹಾಕಿದಳು.

“ಕೋಲು ಚೆನ್ನಾಗಿದೆ. ಕುರ್ಚಿ ಎಲ್ಲಿ?”

ಅವನು ಅಕ್ಕನನ್ನು ನೋಡಿದ. ಅಕ್ಕ ಸೂರು ನೋಡಿದಳು.

“ಅವಳನ್ನ ಯಾಕೆ ನೋಡ್ತೀಯ? ಫೋಟೋ ಎಲ್ಲಾ ನಾನೂ ನೋಡ್ದೆ. ನನಗೆ ಜ್ವರಾನೂ ಬಂದಿರ್ಲಿಲ್ಲ, ನೆಗಡೀನೂ ಇರ್ಲಿಲ್ಲ. ಮಗನಿಗೆ ಅವಮಾನ ಆಗೋದು ಬೇಡ, ಮುಗಿಸ್ಲಿ ಅಂತ ಕಟ್ಟಿದ ಬ್ಯಾಗು ಎರಡು ಸಲ ಬಿಚ್ಚಿದೆ.”

“ಮನೆಗೆ ಬರ್ಬೇಕು ಅನ್ನಿಸ್ತಿತ್ತಾ ಅಮ್ಮಾ?”

“ದಿನಾ ಅನ್ನಿಸ್ತಿತ್ತು.”

ಹಾಗೆಂದು ಅಮ್ಮ ಗೋಡೆಯ ಪಕ್ಕ ಪೇರಿಸಿಟ್ಟ ಹಲಗೆಗಳ ಮೇಲೆ ಕೂತಳು. “ಇದು ಎತ್ತರ ಸರಿಯಾಗಿದೆ. ಶುರು ಮಾಡು.”

ಕುರ್ಚಿಗೆಂದು ತಂದಿಟ್ಟ ಮರ ಅದೇ. ಅವನಿಗೆ ಹಲಗೆ ಬೇಕಾದಾಗಲೆಲ್ಲ ಅಮ್ಮ ಕೋಲೂರಿ ಎದ್ದು, ಅವನು ಒಂದನ್ನು ಎಳೆದುಕೊಂಡ ಮೇಲೆ ಮತ್ತೆ ಕೂರುತ್ತಿದ್ದಳು. ಹಲಗೆ ಕಡಿಮೆಯಾದಷ್ಟೂ ಅಮ್ಮ ತಗ್ಗುತ್ತ ಬಂದಳು. ಹೆಂಡತಿ ಮನೆಯ ದಿಂಬುಗಳನ್ನೆಲ್ಲ ತಂದು ಅತ್ತೆಯ ಕೆಳಗೆ ತುರುಕಿದಳು. ಅಕ್ಕ ಟೇಪು ಹಿಡಿದು, “ಇನ್ನೆರಡು ಇಂಚು ಇಳಿದ್ರೆ ವಾಪಸ್ ಕರ್ಕೊಂಡು ಹೋಗ್ತೀನಿ,” ಎಂದಳು. ನಾಳೆಯಪ್ಪ ನೀರು ಕುಡಿಯಲೂ ಏಳಲಿಲ್ಲ.

ಕೀಸಿ ಕೀಸಿ ಸಣಕಲಾದ ಹಳೆಯ ಹಿಂಗಾಲು ಅಮ್ಮನ ಕೋಲಾಗಿಯೇ ಉಳಿಯಿತು, ಹಿಂಗಾಲು ಎರಡನ್ನೂ ಅವನು ಹೊಸದಾಗಿ ಮಾಡಿದ. ಹೊತ್ತು ಮುಳುಗುವ ಮೊದಲೇ ಕುರ್ಚಿ ನಾಲ್ಕು ಕಾಲಿನ ಮೇಲೆ ನಿಂತಿತು. ಅಮ್ಮ ಕೂತು, ಕುರ್ಚಿಯ ಎರಡು ಕೈಗಳನ್ನೂ ಸವರಿ ನೋಡಿ, ಬೆನ್ನು ಒರಗಿಸಿದಳು. ಅಕ್ಕ ಫೋಟೋ ತೆಗೆದಳು. ಅವನು ಬೆವರು ಒರೆಸಿಕೊಂಡ.

“ಪಾಲಿಶ್ ಒಂದು ಬಾಕಿ. ಅದು ನಾಳೆ…”

ಕೋಲು ಮೇಲೆದ್ದಿತು.

ಅವನು ಹೋಗಿ ಪಾಲಿಶ್ ಡಬ್ಬಿ ತಂದ. ಅಮ್ಮ ಕುರ್ಚಿಯಿಂದ ಏಳಲಿಲ್ಲ. ಅವನು ನೆಲದ ಮೇಲೆ ಕೂತು ಹಿಂಗಾಲಿನಿಂದ ಶುರು ಮಾಡಿದ.