ನಕ್ಷೆಯಲ್ಲಿ ಇಲ್ಲದ ಟೈಪಿಸ್ಟ್

ಠಾಣೆಗಳಲ್ಲಿ ಏಟು ತಿಂದವರ ಪರ ಓಡಾಡುವ ಸಣ್ಣ ಗುಂಪು ಅದು; ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯ ಮೇಲಿನ ಕೋಣೆಯೇ ಅವರ ಕಚೇರಿ. ಕಚೇರಿ ಎಂದರೆ ಏನು ಮಹಾ, ನಾಲ್ಕು ಕುರ್ಚಿ, ಕುಂಟುವ ಒಂದು ಮೇಜು, ಗೋಡೆಯುದ್ದಕ್ಕೂ ಅಂಟಿಸಿದ ಖಾಕಿ ಕಾಗದ. ಆ ಕಾಗದದ ಮೇಲೆ ವೃತ್ತ ಬರೆದು, ವೃತ್ತದಿಂದ ವೃತ್ತಕ್ಕೆ ಗೆರೆ ಎಳೆಯುವುದರಲ್ಲಿ ಗುಂಪು ಕಟ್ಟಿದವಳದು ಎತ್ತಿದ ಕೈ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗೆರೆ ಅಕ್ಕ.

ಕೆಲಸ ಕೇಳುವುದಕ್ಕೆ ಸುಲಭ. ನಡುವೆ ಹೊಡೆದವನು, ಹೊಡೆಸಿಕೊಂಡವನು. ಸುತ್ತ ಅವರಿಗೆ ಸಂಬಂಧಪಟ್ಟವರೆಲ್ಲ: ಹೊಡೆಯಲು ಹೇಳಿದವರು, ಕಂಡೂ ಕಾಣದಂತೆ ಇದ್ದವರು, ಕಾಗದಕ್ಕೆ ಸಹಿ ಹಾಕಿದವರು, ಅವರ ಮೇಲಿನವರು, ಅವರು ಯಾರ ಮಾತಿಗೆ ತಲೆಯಾಡಿಸುತ್ತಾರೋ ಅಂಥವರು. ಇಷ್ಟನ್ನೂ ಬರೆದ ಮೇಲೆ, ಯಾರ ಬಾಗಿಲು ತಟ್ಟಿದರೆ ತೆರೆದೀತು ಎಂದು ಕೂತು ಯೋಚಿಸುವುದು. ಹೊಸಬರಿಗೆ ಗೆರೆ ಅಕ್ಕ ಮೊದಲು ಹೇಳುತ್ತಿದ್ದುದು ಒಂದೇ ಮಾತು. ನಿಮ್ಮ ಮನೆಯವರಿಂದಲೇ ಶುರು ಮಾಡಿ, ಮುಚ್ಚುಮರೆ ಬೇಡ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಆ ಮಾತನ್ನು ನಂಬಿ, ಠಾಣೆಯಲ್ಲಿ ಬರವಣಿಗೆ ಕೆಲಸಕ್ಕಿದ್ದ ಸ್ವಂತ ಅಳಿಯನನ್ನೇ ನಕ್ಷೆಗೆ ಸೇರಿಸಿದ್ದರು. ಅಂದಿನಿಂದ ಮಗಳು ಅವರ ಫೋನ್ ಎತ್ತಿಲ್ಲ. ಗೆರೆ ಅಕ್ಕ ಎಲ್ಲರೆದುರು ಮೇಷ್ಟ್ರನ್ನು ಬಾಯಿತುಂಬ ಹೊಗಳಿದ್ದಳು. ಅದು ನೆನಪಾದರೆ ಈಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಈ ಸಲದ ನಕ್ಷೆ ಮಾರುಕಟ್ಟೆಯ ಒಬ್ಬ ಹಮಾಲಿಯದು. ಗೋದಾಮಿನಲ್ಲಿ ಕಳವಾಯಿತೆಂದು ಪೊಲೀಸರು ಅವನನ್ನು ಎಳೆದೊಯ್ದು ಮೂರು ದಿನ ಬಡಿದು, ತಪ್ಪೊಪ್ಪಿಗೆ ಬರೆಸಿಕೊಂಡು ಜೈಲಿಗೆ ಕಳಿಸಿದ್ದರು. ಆಸ್ಪತ್ರೆಯ ಪ್ರಮಾಣಪತ್ರದಲ್ಲಿ ಮಾತ್ರ 'ಮೈಮೇಲೆ ಗಾಯಗಳಿಲ್ಲ' ಎಂದಿತ್ತು. ಅವನ ಎಡಗಿವಿಯಿಂದ ಕೀವು ಸೋರುತ್ತಿತ್ತು. ಗಾಯವೇ ಇಲ್ಲವೆಂದು ಕಾಗದ ಹೇಳುವಾಗ ಚಿಕಿತ್ಸೆ ಯಾತಕ್ಕೆ ಎಂದು ಜೈಲಿನವರು ಕೈ ತೊಳೆದುಕೊಂಡಿದ್ದರು. ಆ ಕಾಗದ ಸುಳ್ಳೆಂದು ತೋರಿಸಿದರೆ ತಪ್ಪೊಪ್ಪಿಗೆಯೂ ಬೀಳುತ್ತದೆ, ಮನುಷ್ಯ ಮನೆಗೆ ಬರುತ್ತಾನೆ. ಅವನ ಹೆಂಡತಿ ಅದೇ ಮಾರುಕಟ್ಟೆಯಲ್ಲಿ ಗೋಣಿಚೀಲ ಹೊಲಿಯುವವಳು. ದಿನಾ ಕೆಲಸ ಮುಗಿಸಿ ಬಂದು, ಸೆರಗಿಗೆ ಅಂಟಿದ ನಾರು ಕಿತ್ತುಕೊಳ್ಳುತ್ತಾ ನಕ್ಷೆಯ ಮುಂದೆ ಕೂರುತ್ತಿದ್ದಳು.

ಎರಡು ತಿಂಗಳು ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಓಡಾಡಿದರು. ಆಸ್ಪತ್ರೆಯ ಮುಖ್ಯಸ್ಥರು ಭೇಟಿಗೇ ಸಿಗಲಿಲ್ಲ. ಮಾನವ ಹಕ್ಕುಗಳ ಆಯೋಗದವರು ಅರ್ಜಿ ತೆಗೆದುಕೊಂಡು ಚಹಾ ಕೊಟ್ಟು ಕಳಿಸಿದರು. ಸಹಿ ಹಾಕಿದ ಡಾಕ್ಟರ್, ತಾನು ನೋಡಿಯೇ ಹಾಕಿದ್ದೆಂದು ಪಟ್ಟು ಹಿಡಿದ.

ಒಂದು ಸಂಜೆ ಚೀಲ ಹೊಲಿಯುವವಳು ನಕ್ಷೆಯನ್ನೇ ನೋಡುತ್ತಿದ್ದವಳು ತಟ್ಟನೆ ಕೇಳಿದಳು.

"ಅಕ್ಕಾ, ಠಾಣೆಗೆ ನೀರಿನ ಕ್ಯಾನ್ ಹಾಕೋನನ್ನೂ ಬರ್ದಿದ್ದೀರ. ಈ ಆಸ್ಪತ್ರೆ ಕಾಗದ ಟೈಪ್ ಮಾಡಿದೋರು ಯಾರು? ಅವ್ರು ಇಲ್ಲೆಲ್ಲೂ ಕಾಣ್ತಿಲ್ವಲ್ಲ."

ಮೇಷ್ಟ್ರು ನಕ್ಕು, ನಮ್ಮೆಲ್ಲರಿಗಿಂತ ಇವಳ ಕಣ್ಣೇ ಚುರುಕು ಎಂದರು. ವಿಚಾರಿಸುತ್ತೇನೆ ಎಂದಳು ಗೆರೆ ಅಕ್ಕ. ವಿಚಾರಿಸುವುದೇನಿತ್ತು, ಮಣ್ಣು? ಟೈಪ್ ಮಾಡಿದವಳು ಆ ಆಸ್ಪತ್ರೆಯಲ್ಲೇ ಟೈಪಿಸ್ಟ್ ಆಗಿದ್ದ ಅವಳ ಒಡಹುಟ್ಟಿದ ತಂಗಿ.

ಹೋದ ವರ್ಷ ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ತಂಗಿಯೇ ಹೇಳಿದ್ದಳು. ಡಾಕ್ಟರ್ ಖಾಲಿ ಹಾಳೆಗಳಿಗೆ ಸಹಿ ಹಾಕಿಟ್ಟಿರುತ್ತಾರೆ, ಪೊಲೀಸರು ಆಸಾಮಿಯನ್ನು ಕರೆತರುವ ಮೊದಲೇ ಗಾಯಗಳಿಲ್ಲವೆಂದು ನಾನು ಟೈಪ್ ಮಾಡಿರುತ್ತೇನೆ ಎಂದು. ಹೇಳಿ ನಕ್ಕಿದ್ದಳು, ಆದರೆ ಆ ನಗು ಅರ್ಧಕ್ಕೇ ನಿಂತಿತ್ತು. ಅಕ್ಕ ಏನಾದರೂ ಅಂದಾಳೆಂದು ಅವಳು ಕಾದಳು. ಅಕ್ಕ ಬಟ್ಟೆಗೆ ಕ್ಲಿಪ್ಪು ಹಾಕುತ್ತಾ ಬೇರೆ ಮಾತು ತೆಗೆದಳು. ತಂಗಿಯ ಕೆಲಸ ಹೋದೀತೆಂಬ ಭಯ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ನಿಜ ಅದಲ್ಲ. ಊರವರ ಬಣ್ಣವೆಲ್ಲ ಬಯಲಿಗೆ ಎಳೆಯುವವಳ ಮನೆಯಲ್ಲೇ ಹೀಗಂತೆ ಎಂದು ಜನ ಆಡಿಕೊಂಡಾರೆಂಬುದೇ ಅವಳ ಭಯ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಆಸ್ಪತ್ರೆಗೆ ಹೋದಳು. ತಂಗಿ ದಾಖಲೆ ವಿಭಾಗದ ಮೂಲೆಯಲ್ಲಿ, ಕಪಾಟುಗಳ ಸಂದಿಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ವಿಷಯ ಕೇಳಿ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ತುತ್ತು ಇಳಿಸಿ, ಡಬ್ಬಿಯ ಮುಚ್ಚಳ ಹಾಕಿದಳು.

"ಆ ಹಮಾಲಿ ಸುದ್ದಿ ಪೇಪರ್‌ನಲ್ಲಿ ಬಂತಲ್ಲ, ಅವತ್ತಿಂದ ನೀನು ಬರ್ತೀಯ ಅಂತ ಕಾಯ್ತಿದ್ದೆ ಅಕ್ಕ," ಎಂದಳು. "ಪ್ರಿಂಟ್ ತೆಗೆದ ಹೊತ್ತು ಬರೆಯೋ ಪುಸ್ತಕ ಇತ್ತು. ಅವನ ಕಾಗದ ಬೆಳಿಗ್ಗೆ ಒಂಬತ್ತೂವರೆಗೆ ರೆಡಿ. ಅವನನ್ನ ಕರ್ಕೊಂಡು ಬಂದಿದ್ದು ಮಧ್ಯಾಹ್ನ ಮೂರಕ್ಕೆ. ಆ ಪುಸ್ತಕಾನ ನನ್ನ ಡ್ರಾಯರ್‌ನಲ್ಲೇ ಇಟ್ಕೊಂಡಿದ್ದೆ."

"ಎಲ್ಲಿದೆ ಈಗ?"

"ಹೊಸ ಆಫೀಸರ್ ಬಂದು ಹೋದ ವಾರ ಹಳೇದೆಲ್ಲ ರದ್ದಿಗೆ ಹಾಕ್ಸಿದ್ರು. ನಾನು ಅವತ್ತು ರಜ ಇದ್ದೆ."

ಗೆರೆ ಅಕ್ಕನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನೀನಾದರೂ ಒಂದು ಮಾತು ಹೇಳಬಹುದಿತ್ತಲ್ಲ ಎಂದು ಬಾಯಿತನಕ ಬಂದದ್ದನ್ನು ತಡೆದುಕೊಂಡಳು. ಹೇಳಿದ್ದಳಲ್ಲ, ತಾರಸಿಯ ಮೇಲೆ. ಕೇಳಿಸಿಕೊಳ್ಳದವಳು ತಾನು.

ತಂಗಿ ಬೆರಳು ಒರೆಸಿಕೊಂಡು, ಇನ್ನು ಉಳಿದಿರುವುದು ತನ್ನ ಬಾಯಿಮಾತು ಒಂದೇ, ಕೋರ್ಟಿಗೆ ಬಂದು ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ ಎಂದಳು. ಆಮೇಲೆ ಅಕ್ಕನ ಮುಖ ನೋಡದೆ ಸೇರಿಸಿದಳು. "ಆದ್ರೆ ನಿಮ್ಮಕ್ಕಂಗೆ ಯಾವಾಗಿಂದ ಗೊತ್ತಿತ್ತು ಅಂತ ಯಾರಾದ್ರೂ ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಇನ್ನು ಸುಳ್ಳು ಟೈಪ್ ಮಾಡೋಕೂ ಆಗಲ್ಲ, ಹೇಳೋಕೂ ಆಗಲ್ಲ."

ಸಂಜೆ ಎಲ್ಲರೂ ಕೂಡಿದಾಗ ಗೆರೆ ಅಕ್ಕ ಡಾಕ್ಟರ್‌ನ ವೃತ್ತದ ಪಕ್ಕ ಇನ್ನೊಂದು ವೃತ್ತ ಬರೆದು, ಒಳಗೆ 'ನನ್ನ ತಂಗಿ' ಎಂದು ಬರೆದಳು. ಎಷ್ಟು ವೃತ್ತ ಬರೆದ ಕೈಯೋ, ಇದೊಂದು ಸೊಟ್ಟಗಾಯಿತು. ತಿರುಗಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ತಾರಸಿಯ ಮಾತನ್ನೂ, ರದ್ದಿಗೆ ಹೋದ ಪುಸ್ತಕವನ್ನೂ. ಮೇಷ್ಟ್ರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಚೀಲ ಹೊಲಿಯುವವಳು ಆ ಸೊಟ್ಟ ವೃತ್ತದಿಂದ ಕಣ್ಣು ತೆಗೆಯದೆ ಕೇಳಿದಳು.

"ನಾನು ಮೊದಲ್ನೇ ದಿನ ಬಂದು ಈ ಕುರ್ಚಿ ಮೇಲೆ ಕೂತು ಅತ್ತೆನಲ್ಲ, ಆವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ತಿಂಗಳೊಳಗೆ ಔಷಧಿ ಬಿದ್ರೆ ಕಿವಿ ಉಳಿಯುತ್ತೆ ಅಂದಿದ್ರು ನಮ್ಮ ಬೀದಿ ಡಾಕ್ಟ್ರು. ನಿಮ್ಗೂ ಹೇಳಿದ್ದೆ."

ಕ್ಷಮಿಸು ಎಂದುಬಿಟ್ಟು ತನ್ನ ಭಾರ ಇಳಿಸಿಕೊಳ್ಳುವುದಕ್ಕೂ ಗೆರೆ ಅಕ್ಕನಿಗೆ ನಾಚಿಕೆಯಾಯಿತು.

ಚೀಲ ಹೊಲಿಯುವವಳು ಎದ್ದು ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ನಿಂತು ತಂಗಿಯ ಮನೆಯ ವಿಳಾಸ ಕೇಳಿದಳು. ಗೆರೆ ಅಕ್ಕ ಚೀಟಿಯಲ್ಲಿ ಬರೆದುಕೊಟ್ಟು, ತಾನೂ ಹೊರಡಲು ತನ್ನ ಕೈಚೀಲ ಎತ್ತಿಕೊಂಡಳು.

"ನೀವು ಬರ್ಬೇಡಿ," ಎಂದಳು ಅವಳು. "ಅವರ ಹತ್ರ ನಾನೊಬ್ಳೇ ಮಾತಾಡ್ತೀನಿ."